ಗಾಣ ಇಡುವ ಮುನ್ನ: ಕೊಬ್ಬರಿ ಯಾರದು, ನಷ್ಟ ಯಾರದು?

ಕರಾವಳಿಯಲ್ಲಿ ತೆಂಗಿನಕಾಯಿಯ ಧಾರಣೆ ಏರಿದ ವರ್ಷ, ಎಣ್ಣೆ ಗಾಣ ಇಡಬೇಕೆಂಬ ಆಲೋಚನೆಯೂ ಅದರೊಂದಿಗೆ ಏರುತ್ತದೆ. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆಯ ಚಿಲ್ಲರೆ ಬೆಲೆ ಕಿಲೋಗೆ 400 ರೂಪಾಯಿ ದಾಟಿದ ಮೇಲೆ ಈ ವಿಚಾರವಾಗಿ ಕೇಳುವವರು ಹೆಚ್ಚಿದ್ದಾರೆ. ಕೇಳುವ ಪ್ರಶ್ನೆಗಳು ಮಾತ್ರ ಬಹುಮಟ್ಟಿಗೆ ಎರಡೇ: ಯಾವ ಯಂತ್ರ ತರಬೇಕು, ಸಹಾಯಧನ ಎಷ್ಟು ಸಿಗುತ್ತದೆ. ಇವೆರಡೂ ಕೇಳತಕ್ಕ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಕೊಬ್ಬರಿ ನಿಮ್ಮ ಅಂಗಳಕ್ಕೆ ಬಂದ ದಿನದಿಂದ ಎಣ್ಣೆಯ ಹಣ ಕೈಗೆ ಬರುವ ದಿನದವರೆಗೆ ಆ ಮಾಲು ಯಾರ ಸ್ವತ್ತು? ಆ ನಡುವೆ ಧಾರಣೆ ಬಿದ್ದರೆ ಬೀಳುವುದು ಯಾರ ತಲೆಯ ಮೇಲೆ? ಉದ್ಯೋಗದ ಮಾದರಿ ಎಂದು ದೊಡ್ಡ ಹೆಸರಿನಿಂದ ಕರೆಯುವ ವಿಷಯದ ತಿರುಳು ಇದೇ. ಒಬ್ಬರೇ ಮಾಡುವುದೋ, ಪಾಲುಗಾರಿಕೆಯೋ, ಸಂಘವೋ, ಕಂಪನಿಯೋ ಎಂಬುದು ಇದರ ಹಿಂದಿನಿಂದ ಬರತಕ್ಕದ್ದು.

ಈ ಲೇಖನದಲ್ಲಿ ಶಿರೂರನ್ನು ಕಣ್ಣ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. 2024ರ ಜುಲೈಯಲ್ಲಿ ಗುಡ್ಡ ಕುಸಿದು ಸುದ್ದಿಯಾದ ಶಿರೂರು ಅಂಕೋಲಾ ತಾಲೂಕಿನದು. ನಾವು ಹೇಳುತ್ತಿರುವುದು ಕುಂದಾಪುರದಿಂದ ಬೇರ್ಪಟ್ಟ ಬೈಂದೂರು ತಾಲೂಕಿನ, ಉಡುಪಿ ಜಿಲ್ಲೆಯ ಬಡಗಣ ಗಡಿಯ ಶಿರೂರು. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ಹೆದ್ದಾರಿ ಮತ್ತು ಕೊಂಕಣ ರೈಲು, ಪಕ್ಕದಲ್ಲೇ ಭಟ್ಕಳದ ಪೇಟೆ. ತೆಂಗು ಮನೆಮನೆಯ ಬೆಳೆ. ಸಣ್ಣ ಉದ್ಯೋಗಕ್ಕೆ ಸ್ಥಳ ಕೆಟ್ಟದ್ದಲ್ಲ.

ಮೂರು ಪದ್ಧತಿಗಳು

ಗಾಣವನ್ನು ಮೂರು ರೀತಿಯಲ್ಲಿ ನಡೆಸಬಹುದು.

ಮೊದಲನೆಯದು ಮಜೂರಿ ಗಾಣ. ರೈತ ತನ್ನ ಕೊಬ್ಬರಿ ತರುತ್ತಾನೆ, ನೀವು ಅರೆದುಕೊಡುತ್ತೀರಿ, ಕಿಲೋಗೆ ಇಷ್ಟೆಂದು ಮಜೂರಿ ಪಡೆಯುತ್ತೀರಿ. ಎಣ್ಣೆ ಅವನದು. ಹಿಂಡಿ ಯಾರದೆಂಬುದನ್ನು ಮಾತ್ರ ಮೊದಲೇ ಬಾಯಿಬಿಟ್ಟು ಹೇಳಿ, ಗಾಣದ ಬಾಗಿಲಲ್ಲಿ ಬರೆದು ಹಾಕಿರಬೇಕು. ಹಟ್ಟಿಯಲ್ಲಿ ಗಂಟಿ ಇರುವ ಮನೆಯವರು ಹಿಂಡಿ ಬಿಟ್ಟುಹೋಗುವುದಿಲ್ಲ. ದನ ಸಾಕುವುದನ್ನು ಬಿಟ್ಟವರು ಹಿಂಡಿಯನ್ನು ಮಜೂರಿಗೆ ವಜಾ ಹಾಕಲು ಹೇಳುತ್ತಾರೆ. ಈ ಸಣ್ಣ ವಿಷಯದಲ್ಲಿಯೇ ಗಿರಾಕಿಗಳು ಮುನಿಸಿಕೊಳ್ಳುವುದು.

ಎರಡನೆಯದು ಖರೀದಿ ಗಾಣ. ಕೊಬ್ಬರಿಯನ್ನೋ ಕಾಯನ್ನೋ ನೀವೇ ಕೊಂಡು, ಎಣ್ಣೆ ತೆಗೆದು, ಬಾಟಲಿ ತುಂಬಿ, ನಿಮ್ಮ ಹೆಸರಿನಲ್ಲಿ ಮಾರುವುದು. ಮಾಲು ನಿಮ್ಮದು, ಲಾಭ ನಿಮ್ಮದು, ನಷ್ಟವೂ ನಿಮ್ಮದೇ.

ಮೂರನೆಯದು ಒಟ್ಟುಗೂಡಿಸಿ ಮಾರುವುದು. ಹಲವು ರೈತರು ಕೊಬ್ಬರಿ ತಂದು ಒಪ್ಪಿಸುತ್ತಾರೆ. ಸ್ವಲ್ಪ ಮುಂಗಡ ಪಡೆಯುತ್ತಾರೆ. ಎಣ್ಣೆ ಮಾರಿದ ಮೇಲೆ ಖರ್ಚು ಕಳೆದು ಉಳಿದದ್ದನ್ನು ತಂದ ಮಾಲಿನ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಧಾರಣೆಯ ಏರಿಳಿತವನ್ನು ಎಲ್ಲರೂ ಹೊರುತ್ತಾರೆ.

ಈ ಭೇದ ಹೊಸದೇನಲ್ಲ. ನಮ್ಮ ಆಚೀಚೆಯ ಎರಡು ಹಳೆಯ ಸಹಕಾರಿ ಸಂಸ್ಥೆಗಳನ್ನೇ ನೋಡಬಹುದು. 1923ರಲ್ಲಿ ಶಿರಸಿಯಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಸೇಲ್ ಸೊಸೈಟಿಯ ಅಂಗಳಕ್ಕೆ ಸದಸ್ಯ ತನ್ನ ಅಡಿಕೆ ತಂದರೆ, ಸಂಘ ಅದನ್ನು ಟೆಂಡರಿನಲ್ಲಿ ವ್ಯಾಪಾರಿಗಳಿಗೆ ಮಾರಿಸಿಕೊಟ್ಟು ತನ್ನ ದಲ್ಲಾಳಿ ಹಿಡಿದುಕೊಳ್ಳುವ ಪದ್ಧತಿ. ಮಾರಾಟವಾಗುವವರೆಗೆ ಅಡಿಕೆ ಸದಸ್ಯನದೇ. ಮಂಗಳೂರಿನ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ, ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಕಾಲದಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ. ಅದು ಬೆಳೆಗಾರರಿಂದ ಅಡಿಕೆಯನ್ನು ನೇರವಾಗಿ ಕೊಂಡುಬಿಡುತ್ತದೆ. ಮುಂದೆ ಕೊಕ್ಕೊವನ್ನೂ ಕೊಂಡು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಎರಡೂ ಸಹಕಾರಿಗಳೇ, ಎರಡೂ ಅಡಿಕೆಯ ಸಂಸ್ಥೆಗಳೇ. ಆದರೆ ಒಂದರಲ್ಲಿ ಧಾರಣೆಯ ಅಪಾಯ ಬೆಳೆಗಾರನಲ್ಲಿ ಉಳಿಯುತ್ತದೆ. ಇನ್ನೊಂದರಲ್ಲಿ ಸಂಸ್ಥೆ ಅದನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ, ಅದಕ್ಕೆ ತಕ್ಕ ಬಂಡವಾಳವನ್ನೂ ಗೋದಾಮುಗಳನ್ನೂ ಇಟ್ಟುಕೊಳ್ಳುತ್ತದೆ. ಹೆಸರು ಸಹಕಾರಿ ಎಂದಿದ್ದ ಮಾತ್ರಕ್ಕೆ ವ್ಯವಹಾರದ ಬಗೆ ಒಂದೇ ಆಗಿರುವುದಿಲ್ಲ.

ನೂರು ಕಿಲೋ ಕೊಬ್ಬರಿಯ ಲೆಕ್ಕ

ಈಗ ಒಂದು ಲೆಕ್ಕ ನೋಡೋಣ. ಇಲ್ಲಿ ಕೊಟ್ಟಿರುವ ದರಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು. ನಿಮ್ಮ ಪೇಟೆಯ ಅಂದಿನ ದರವನ್ನು ಹಾಕಿ ನೀವೇ ಮತ್ತೆ ಮಾಡಿಕೊಳ್ಳಬೇಕು.

ಕೊಬ್ಬರಿ ಕಿಲೋಗೆ 200 ರೂಪಾಯಿ, ಎಣ್ಣೆ ಕಿಲೋಗೆ 350 ರೂಪಾಯಿ, ಹಿಂಡಿ ಕಿಲೋಗೆ 35 ರೂಪಾಯಿ ಎಂದಿರಲಿ. ಚೆನ್ನಾಗಿ ಒಣಗಿದ 100 ಕಿಲೋ ಕೊಬ್ಬರಿಯಿಂದ 62 ಕಿಲೋ ಎಣ್ಣೆ, 34 ಕಿಲೋ ಹಿಂಡಿ ಬಂತೆನ್ನೋಣ. ಉಳಿದ 4 ಕಿಲೋ ತೇವ ಮತ್ತು ಸೋರಿಕೆ. ಖರೀದಿ ಗಾಣದವನಿಗೆ ಎಣ್ಣೆಯಿಂದ 21,700, ಹಿಂಡಿಯಿಂದ 1,190, ಒಟ್ಟು 22,890 ರೂಪಾಯಿ. ಕೊಬ್ಬರಿಗೆ ಕೊಟ್ಟದ್ದು 20,000. ವಿದ್ಯುತ್, ಆಳು, ಬಾಟಲಿ, ಸಾಗಣೆ ಸೇರಿ ಕಿಲೋ ಕೊಬ್ಬರಿಗೆ 15ರಂತೆ 1,500. ಉಳಿಯುವುದು 1,390 ರೂಪಾಯಿ.

ಎಣ್ಣೆ 62 ಕಿಲೋ ಬಾರದೆ 58 ಕಿಲೋ ಬಂದರೆ? ಕೊಬ್ಬರಿ ಸರಿಯಾಗಿ ಒಣಗದಿದ್ದರೆ ಅಥವಾ ಮರದ ಗಾಣದಲ್ಲಿ ನಿಧಾನವಾಗಿ ಅರೆದರೆ ಇದು ಸಾಮಾನ್ಯ. ಎಣ್ಣೆಯಲ್ಲಿ 1,400 ಹೋಯಿತು. ಹಿಂಡಿ 4 ಕಿಲೋ ಹೆಚ್ಚಿ 140 ಬಂತೆಂದೇ ಇಟ್ಟುಕೊಂಡರೂ ಕೈಯಲ್ಲಿ ಉಳಿಯುವುದು 130 ರೂಪಾಯಿ. ನಾಲ್ಕು ಕಿಲೋ ಎಣ್ಣೆಯಲ್ಲಿ ಇಡೀ ದಿನದ ಲಾಭ ಕರಗಿತು. ಮರದ ಗಾಣದ ಎಣ್ಣೆಗೆ ಹೆಚ್ಚು ಬೆಲೆ ಕೇಳುವುದಕ್ಕೆ ಕಾರಣವೂ ಇದೇ. ಆ ಹೆಚ್ಚು ಬೆಲೆ ಕೊಡುವ ಗಿರಾಕಿ ನಿಮಗೆ ಗೊತ್ತಿರಬೇಕಷ್ಟೆ.

ಇನ್ನು ಕೊಬ್ಬರಿ ಕೊಂಡ ಮೇಲೆ, ಎಣ್ಣೆ ಮಾರುವ ಮೊದಲು ಧಾರಣೆ ಐದನೇ ಒಂದು ಪಾಲು ಇಳಿಯಿತು ಎನ್ನೋಣ. ಎಣ್ಣೆ 280ಕ್ಕೆ ಬಂತು. 62 ಕಿಲೋಗೆ 17,360, ಹಿಂಡಿ ಮೊದಲಿನಂತೆಯೇ 1,190, ಒಟ್ಟು 18,550. ಖರ್ಚಾದದ್ದು 21,500. ನಷ್ಟ 2,950 ರೂಪಾಯಿ. ಎರಡು ಒಳ್ಳೆಯ ದಿನಗಳ ಲಾಭವನ್ನು ಒಂದು ಕೆಟ್ಟ ದಿನ ನುಂಗಿ ಇನ್ನೂ ಸ್ವಲ್ಪ ಕೇಳುತ್ತದೆ.

ಮಜೂರಿ ಗಾಣದವನ ಲೆಕ್ಕ ಚಿಕ್ಕದು. ಕಿಲೋಗೆ 20ರಂತೆ ಮಜೂರಿ 2,000 ರೂಪಾಯಿ. ಬಾಟಲಿ, ಸಾಗಣೆ ಇಲ್ಲವಾದ್ದರಿಂದ ಖರ್ಚು ಕಿಲೋಗೆ 12ರಂತೆ 1,200. ಉಳಿಯುವುದು 800 ರೂಪಾಯಿ. ಎಣ್ಣೆ 350 ಇರಲಿ, 280 ಇರಲಿ, ಈ 800 ಅಲುಗುವುದಿಲ್ಲ. ಮೇಲಾಗಿ ಅವನು ಕೊಬ್ಬರಿಗೆ ಒಂದು ಪೈಸೆ ಹಾಕಿಲ್ಲ. ಖರೀದಿ ಗಾಣದವನು ದಿನಕ್ಕೆ 100 ಕಿಲೋದಂತೆ ಒಂದು ತಿಂಗಳ ದಾಸ್ತಾನು ಇಟ್ಟರೆ 6 ಲಕ್ಷ ರೂಪಾಯಿ ಕೊಬ್ಬರಿಯಲ್ಲಿ ಮಲಗಿರುತ್ತದೆ.

ಇಲ್ಲಿ ನಮ್ಮ ಕರಾವಳಿಯ ಮಳೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ತೆಂಗು ತಿಂಗಳಿಗೊಂದು ಗೊನೆಯಂತೆ ವರ್ಷವಿಡೀ ಕೊಡುವ ಬೆಳೆಯಾದರೂ ಫಸಲು ಬೇಸಿಗೆಯಲ್ಲೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಕೊಬ್ಬರಿ ಒಣಗುವುದಿಲ್ಲ. ಆ ನಾಲ್ಕು ತಿಂಗಳು ಗಾಣ ತಿರುಗಬೇಕಾದರೆ ಬೇಸಿಗೆಯಲ್ಲೇ ಕೊಂಡು ತುಂಬಿಸಿಡಬೇಕು. ನೂರು ಕೆಲಸದ ದಿನಗಳೆಂದರೆ 10,000 ಕಿಲೋ, ಅಂದರೆ 20 ಲಕ್ಷ ರೂಪಾಯಿ. ಸಾಲದ ಹಣವಾದರೆ ಬಡ್ಡಿ; ಮಳೆಗಾಲದ ತಂಪಿಗೆ ಬೂಸ್ಟು ಹಿಡಿದರೆ ಮಾಲೇ ಹೋಯಿತು. ಬೂಸ್ಟು ಹಿಡಿದ ಕೊಬ್ಬರಿಯಿಂದ ಎಣ್ಣೆಯಷ್ಟೇ ಅಲ್ಲ, ಹಿಂಡಿಯೂ ಕೆಡುತ್ತದೆ. ಅದರಲ್ಲಿ ಬೆಳೆಯುವ ಶಿಲೀಂಧ್ರದ ವಿಷ ಹಾಲು ಕೊಡುವ ದನಕ್ಕೆ ಅಪಾಯಕರ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಗೆರಟೆ ಉರಿಸಿ ಒಮ್ಮೆಗೆ ಸುಮಾರು 1,000 ಕಾಯಿಯ ಕೊಬ್ಬರಿ ಒಣಗಿಸುವ ಡ್ರೈಯರನ್ನು ರೂಪಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಶಿರೂರಿನಂಥ ಮಳೆಯ ಊರಿನಲ್ಲಿ ಗಾಣಕ್ಕಿಂತ ಮೊದಲು ಬರಬೇಕಾದದ್ದು ಡ್ರೈಯರು. ಒಣಗಿಸಿಕೊಡುವುದಕ್ಕೂ ಮಜೂರಿ ಪಡೆಯಬಹುದು ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ.

ಧಾರಣೆ ಬಿದ್ದರೆ ಸರ್ಕಾರದ ಬೆಂಬಲ ಬೆಲೆ ಇದೆಯಲ್ಲ ಎನ್ನುವವರಿದ್ದಾರೆ. ಎಣ್ಣೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ 2024ರಲ್ಲಿ ಕ್ವಿಂಟಾಲಿಗೆ 11,160, 2025ರಲ್ಲಿ 11,582, 2026ರ ಹಂಗಾಮಿಗೆ 12,027 ರೂಪಾಯಿ. 2025ರ ನಡುವಿನಲ್ಲಿ ಪೇಟೆಯ ಬೆಲೆ 20,000 ದಾಟಿತ್ತು. ಆ ಬೆಲೆಗೆ ಕೊಂಡವನಿಗೆ ಬೆಂಬಲ ಬೆಲೆ ಕೆಳಗೆ ಬಹು ಆಳದಲ್ಲಿ ಹಾಸಿದ ಚಾಪೆಯಂತೆ. ಅಲ್ಲದೆ ಬೆಂಬಲ ಬೆಲೆ ಬೆಳೆದ ರೈತನಿಗೆ. ಕೊಂಡು ದಾಸ್ತಾನಿಟ್ಟ ಗಾಣದವನಿಗಲ್ಲ.

ಊರಿನ ತೆಂಗು ಸಾಕೇ?

ಮಜೂರಿ ಗಾಣ ನಷ್ಟವಿಲ್ಲದ್ದು ಎಂದಾಗ ಒಂದು ಮಾತನ್ನು ಸೇರಿಸಬೇಕು. ಅದಕ್ಕೆ ಧಾರಣೆಯ ಭಯವಿಲ್ಲ, ಆದರೆ ಖಾಲಿ ಕೂರುವ ಭಯವಿದೆ.

ಯಂತ್ರ, ಮಾಡು, ವಿದ್ಯುತ್ ಸಂಪರ್ಕ ಸೇರಿ 4 ಲಕ್ಷ ರೂಪಾಯಿ ಹಾಕಿದ್ದೀರಿ ಎನ್ನಿ. ಬಡ್ಡಿ ವರ್ಷಕ್ಕೆ 40,000, ಯಂತ್ರದ ಸವಕಳಿ 40,000 ಎಂದು ಹಿಡಿದರೆ, ಗಾಣ ತಿರುಗಲಿ ಬಿಡಲಿ 80,000 ರೂಪಾಯಿ ಬಂದೇ ಬರುವ ಖರ್ಚು. ಕಿಲೋಗೆ 8 ರೂಪಾಯಿ ಉಳಿಯುವುದರಿಂದ 10,000 ಕಿಲೋ ಅರೆದಾಗ ಖರ್ಚು ಸರಿಹೋಗುತ್ತದೆ. 20,000 ಕಿಲೋ ಅರೆದರೆ ವರ್ಷಕ್ಕೆ 80,000 ನಿಮ್ಮದು.

20,000 ಕಿಲೋ ಕೊಬ್ಬರಿ ಎಲ್ಲಿಂದ ಬರಬೇಕು? ಕಾಯಿಗೆ 150 ಗ್ರಾಂ ಕೊಬ್ಬರಿ ಎಂದರೆ 1,33,000 ಕಾಯಿ ಬೇಕು. ಮರಕ್ಕೆ ವರ್ಷಕ್ಕೆ 80 ಕಾಯಿಯಂತೆ ಸುಮಾರು 1,670 ಮರಗಳ ಪೂರ್ಣ ಫಸಲು. ಆದರೆ ಯಾವ ಮನೆಯವರೂ ಎಲ್ಲ ಕಾಯನ್ನೂ ಗಾಣಕ್ಕೆ ತರುವುದಿಲ್ಲ. ಸಾರಿಗೆ ಬೇಕು, ದೇವರಿಗೆ ಬೇಕು, ಉಳಿದದ್ದು ಕಾಯಿಯಾಗಿಯೇ ಮಾರಾಟ. ಹತ್ತರಲ್ಲಿ ಒಂದು ಪಾಲು ಗಾಣಕ್ಕೆ ಬಂದೀತು ಎಂದಿಟ್ಟುಕೊಂಡರೆ 16,700 ಮರಗಳ ಬಳಗ ಬೇಕು. ಎಕರೆಗೆ 70 ಮರವೆಂದರೆ ಸುಮಾರು 240 ಎಕರೆ ತೆಂಗು. ಇಷ್ಟು ತೆಂಗು ನಿಮ್ಮ ಗಾಣಕ್ಕೆ ನಡೆದು ಬರುವ ದೂರದಲ್ಲಿದೆಯೇ, ಆ ವ್ಯಾಪ್ತಿಯಲ್ಲಿ ಆಗಲೇ ಇನ್ನೊಂದು ಗಾಣವಿದೆಯೇ ಎಂಬುದನ್ನು ಯಂತ್ರ ಮಾರುವವರು ಹೇಳುವುದಿಲ್ಲ. ನೀವೇ ಒಂದು ವಾರ ಸೈಕಲ್ಲಿನಲ್ಲೋ ಬೈಕಿನಲ್ಲೋ ತಿರುಗಿ ಮನೆಮನೆ ಕೇಳಿ ಬರೆದುಕೊಳ್ಳಬೇಕು. ಮನೆಯ ಹೆಂಗಸರನ್ನು ಕೇಳುವುದು ಉತ್ತಮ. ವರ್ಷಕ್ಕೆ ಎಷ್ಟು ಎಣ್ಣೆ ಬೇಕೆಂಬುದು ಅವರಿಗೇ ಗೊತ್ತು.

ಊರಿನ ತೆಂಗು ಸಾಲದು ಎಂದಾದರೆ ಗಾಣ ಬೇಡ ಎಂದರ್ಥವಲ್ಲ. ಮಜೂರಿಗೆ ಅರೆಯುತ್ತಲೇ ತನ್ನ ಸ್ವಂತ ತೋಟದ ಕೊಬ್ಬರಿಯನ್ನೂ ಅರೆದು ಹತ್ತಿಪ್ಪತ್ತು ಮನೆಗಳಿಗೆ ಎಣ್ಣೆ ಕೊಡುವ ಮಿಶ್ರ ಪದ್ಧತಿ ಅನೇಕರಿಗೆ ಹೊಂದುತ್ತದೆ. ಅಲ್ಲಿಯೂ ಎರಡು ಖಾತೆ ಬೇರೆ ಬೇರೆ ಇರಬೇಕು. ಎಣ್ಣೆಯನ್ನು ಲೀಟರಿನಲ್ಲಿ ಮಾರುವವರು ನೆನಪಿಡಬೇಕಾದ್ದು: ಒಂದು ಲೀಟರ್ ತೆಂಗಿನೆಣ್ಣೆಯ ತೂಕ ಸುಮಾರು 910 ಗ್ರಾಂ. ಕಿಲೋ ದರಕ್ಕೆ ಲೀಟರ್ ಕೊಟ್ಟರೆ ಗಿರಾಕಿಗೆ ಮೋಸ, ಲೀಟರ್ ದರಕ್ಕೆ ಕಿಲೋ ಕೊಟ್ಟರೆ ನಿಮಗೆ ನಷ್ಟ.

ಕೂಡಿ ಮಾಡುವುದಾದರೆ

ಪದ್ಧತಿ ನಿಶ್ಚಯವಾದ ಮೇಲೆ ಒಡೆತನದ ಪ್ರಶ್ನೆ. ಮಜೂರಿ ಗಾಣಕ್ಕೆ ಒಂದು ಕುಟುಂಬದ ಒಡೆತನವೇ ಸಾಕು. ಸ್ವಸಹಾಯ ಸಂಘದ ಹೆಂಗಸರು ಸೇರಿ ನಡೆಸಲೂ ಇದೇ ಸುಲಭ. ಬಂಡವಾಳ ಕಡಿಮೆ, ದಾಸ್ತಾನಿಲ್ಲ, ದಿನದ ಹಣ ದಿನಕ್ಕೆ.

ಕೂಡಿ ದುಡಿಯುವುದು ಕರಾವಳಿಯವರಿಗೆ ಯಾರೂ ಕಲಿಸಬೇಕಾದ್ದಲ್ಲ. ರಂಪಣಿ ಬಲೆಯ ಕಾಲವನ್ನು ಹಿರಿಯರು ಬಲ್ಲರು. ಹತ್ತಾರು ಮಂದಿ ತಮ್ಮ ತಮ್ಮ ಪಾಲಿನ ಬಲೆಯ ತುಂಡನ್ನು ತಂದು ಜೋಡಿಸಿ, ದಡದಲ್ಲಿ ನಿಂತು ಒಟ್ಟಿಗೆ ಎಳೆದು, ಬಂದ ಮೀನನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಬಲೆಯ ತುಂಡೇ ಷೇರು. ಬರಿಗೈಯ ದಿನ ಎಲ್ಲರದೂ ಬರಿಗೈ. 1970ರ ದಶಕದ ಮಧ್ಯದಲ್ಲಿ ಅವಿಭಜಿತ ದಕ್ಷಿಣ ಕನ್ನಡಕ್ಕೆ ಪರ್ಸೀನ್ ಬೋಟುಗಳು ಬಂದು ಬೇಗನೆ ಹರಡಿದವು; ಬೋಟು, ಎಂಜಿನು, ದೊಡ್ಡ ಬಲೆಗೆ ಬೇಕಾದ ಬಂಡವಾಳ ಒಂದು ತುಂಡು ಬಲೆಯಿಂದ ಹುಟ್ಟುವಂಥದ್ದಲ್ಲ. ರಂಪಣಿ ಹಿಂದೆ ಸರಿಯಿತು. ಕೂಡಿಕೆ ಕೆಟ್ಟದ್ದಾಗಿ ಅದು ಹೋದದ್ದಲ್ಲ. ಕಸುಬಿನ ಬಂಡವಾಳ ಬದಲಾದಾಗ ಒಡೆತನದ ರೂಪವೂ ಬದಲಾಯಿತು. ಗಾಣದಲ್ಲಿಯೂ ಮಜೂರಿಯಿಂದ ಖರೀದಿಗೆ ಹೋಗುವ ದಿನ ಇದೇ ಪ್ರಶ್ನೆ ಎದುರಾಗುತ್ತದೆ.

ಪಾಲುಗಾರಿಕೆಯ ರುಚಿಯೂ ಕಹಿಯೂ ಈ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಹೋಟೆಲು, ಬೇಕರಿ ಇಟ್ಟ ಕುಂದಾಪುರ, ಬೈಂದೂರಿನ ಎಷ್ಟೋ ಮಂದಿ ಹಣ ಹಾಕಿದವರೊಬ್ಬರು, ದುಡಿದವರೊಬ್ಬರು ಎಂದು ಕೂಡಿಯೇ ಮೇಲೆ ಬಂದವರು. ಶಿರೂರಿನಲ್ಲಿ ಮೂವರು ಸೇರಿ ಖರೀದಿ ಗಾಣ ಇಡುತ್ತಾರೆ ಎಂದುಕೊಳ್ಳಿ. ಒಬ್ಬನದು ಜಾಗ ಮತ್ತು ಮಾಡು, ಇನ್ನೊಬ್ಬನದು 5 ಲಕ್ಷ ರೂಪಾಯಿ, ಮೂರನೆಯವನದು ಬೆಳಗಿನಿಂದ ಸಂಜೆಯ ದುಡಿಮೆ. ಬಾಯಿಮಾತಿನಲ್ಲೇ ಆರಂಭ. 1932ರ ಪಾಲುದಾರಿಕೆ ಕಾನೂನು ಇಂಥಲ್ಲಿ ಏನು ಹೇಳುತ್ತದೆಂದು ಮೂವರಿಗೂ ಗೊತ್ತಿರುವುದಿಲ್ಲ. ಬೇರೆ ಕರಾರು ಇಲ್ಲದಿದ್ದರೆ ಲಾಭ ಮೂವರಿಗೂ ಸಮ, ನಷ್ಟವೂ ಸಮ. ದುಡಿದವನಿಗೆ ಸಂಬಳವೆಂದು ಕೇಳುವ ಹಕ್ಕಿಲ್ಲ. ಬಂಡವಾಳ ಹಾಕಿದವನಿಗೆ ಬಂಡವಾಳದ ಮೇಲೆ ಬಡ್ಡಿಯ ಹಕ್ಕಿಲ್ಲ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ಸಾಲವೆಂದು ಕೊಟ್ಟಿದ್ದರೆ ಮಾತ್ರ ಅದಕ್ಕೆ ಶೇ. 6. ಪಾಲುದಾರನೊಬ್ಬ ತೀರಿಕೊಂಡರೆ ಪಾಲುದಾರಿಕೆಯೇ ಮುಗಿಯುತ್ತದೆ, ಮುಂದುವರಿಯಬೇಕೆಂದು ಮೊದಲೇ ಬರೆದಿಟ್ಟಿರದಿದ್ದರೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸಾಲದ ಹೊಣೆ. ಪಾಲುದಾರಿಕೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಮೂರನೇ ಒಂದು ಪಾಲಿಗೆ ಅಲ್ಲ, ಪೂರ್ತಿಗೆ. ಸಾಲ ಕೊಟ್ಟವನು ಮೂವರಲ್ಲಿ ಯಾರ ಕೈಯಲ್ಲಿ ಆಸ್ತಿ ಇದೆಯೋ ಅವನ ಬಾಗಿಲಿಗೆ ಬರುತ್ತಾನೆ. ಧಾರಣೆ ಬಿದ್ದ ವರ್ಷ ಜಾಗ ಕೊಟ್ಟವನ ಅಡಿಕೆ ತೋಟವೂ ಮನೆಯೂ ಅಪಾಯಕ್ಕೆ ಸಿಕ್ಕುವುದು ಹೀಗೆ. ಬಿಟ್ಟುಹೋಗುವವನು ಸಾರ್ವಜನಿಕ ಪ್ರಕಟಣೆ ಕೊಡದೆ ಸುಮ್ಮನೆ ಹೊರಟರೆ, ಆಮೇಲಿನ ಸಾಲವೂ ಅವನನ್ನು ಹಿಂಬಾಲಿಸಬಹುದು. ಪಾಲುದಾರಿಕೆಯನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಆದರೆ ನೋಂದಾಯಿಸದ ಸಂಸ್ಥೆ ಎಣ್ಣೆ ಒಯ್ದು ಹಣ ಕೊಡದ ಅಂಗಡಿಯವನ ಮೇಲೆ ದಾವೆ ಹೂಡಲು ಹೋದರೆ ಕಾನೂನು ಬಾಗಿಲು ಮುಚ್ಚುತ್ತದೆ. ಒಂದು ಕರಾರು ಪತ್ರ, ಒಂದು ನೋಂದಣಿ. ಇಷ್ಟಕ್ಕೆ ತಗಲುವ ವೆಚ್ಚ ಒಂದು ಕ್ವಿಂಟಾಲು ಕೊಬ್ಬರಿಯ ಬೆಲೆಗಿಂತ ಬಹಳ ಹೆಚ್ಚಾಗದು. ನೆಂಟರ ನಡುವೆ ಕಾಗದವೇಕೆ ಎಂಬ ಸಂಕೋಚ ಬೇಡ. ನೆಂಟರಾದ್ದರಿಂದಲೇ ಕಾಗದ ಬೇಕು.

ಹೊಣೆಗೆ ಮಿತಿ ಹಾಕುವ ರೂಪಗಳೂ ಇವೆ: 2008ರ ಕಾನೂನಿನಂತೆ ಸೀಮಿತ ಹೊಣೆಯ ಪಾಲುದಾರಿಕೆ, ಇಲ್ಲವೇ ಖಾಸಗಿ ಕಂಪನಿ. ಇವು ಹಾಕಿದ ಹಣಕ್ಕಷ್ಟೇ ನಷ್ಟವನ್ನು ನಿಲ್ಲಿಸುತ್ತವೆ ಎನ್ನುವುದು ನಿಜ. ಆದರೆ ಸಣ್ಣ ಸಂಸ್ಥೆಗೆ ಸಾಲ ಕೊಡುವಾಗ ಬ್ಯಾಂಕಿನವರು ಒಡೆಯರಿಂದ ಸ್ವಂತ ಜಾಮೀನು ಬರೆಸಿಕೊಳ್ಳುವುದೇ ಸಾಮಾನ್ಯ. ಆ ಕಾಗದಕ್ಕೆ ರುಜು ಹಾಕಿದ ಮೇಲೆ ಮಿತಿಯ ಮಾತು ಆ ಸಾಲದ ಮಟ್ಟಿಗೆ ಉಳಿಯುವುದಿಲ್ಲ. ವರ್ಷವರ್ಷದ ಲೆಕ್ಕ ಸಲ್ಲಿಕೆಯ ಖರ್ಚು ಬೇರೆ. ದಿನಕ್ಕೆ 100 ಕಿಲೋ ಅರೆಯುವ ಗಾಣಕ್ಕೆ ನಾನಂತೂ ಈ ಭಾರವನ್ನು ಸೂಚಿಸಲಾರೆ.

ಸಂಘವೋ, ಉತ್ಪಾದಕರ ಕಂಪನಿಯೋ?

ಮೂರನೆಯ ಪದ್ಧತಿಗೆ, ಅಂದರೆ ಒಟ್ಟುಗೂಡಿಸಿ ಮಾರುವುದಕ್ಕೆ, ಇವೆರಡರಲ್ಲಿ ಒಂದು ಬೇಕಾಗುತ್ತದೆ. ಸಹಕಾರ ಈ ಜಿಲ್ಲೆಗೆ ಹೊರಗಿನದಲ್ಲ. 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನೂ 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನೂ ಕಟ್ಟಿದ ಶಿವರಾಯರ ಹೆಸರಿಗೆ ಅಂಟಿಕೊಂಡಿರುವ ಮೊಳಹಳ್ಳಿ ಕುಂದಾಪುರ ತಾಲೂಕಿನದೇ. ಹೊಸ ಸಂಘ ಕಟ್ಟುವ ಮೊದಲು ಊರಿನ ವ್ಯವಸಾಯ ಸೇವಾ ಸಹಕಾರಿ ಸಂಘದ ಆಡಳಿತ ಮಂಡಳಿಯೊಂದಿಗೆ ಮಾತನಾಡಿ ನೋಡುವುದು ಜಾಣತನ. ಅವರಲ್ಲಿ ಕಟ್ಟಡವಿದೆ, ತಕ್ಕಡಿ ಇದೆ, ಲೆಕ್ಕ ಬರೆಯುವ ಗುಮಾಸ್ತರಿದ್ದಾರೆ, ಲೆಕ್ಕ ಪರಿಶೋಧನೆ ನಡೆಯುತ್ತದೆ. ಒಂದು ಡ್ರೈಯರು, ಒಂದು ಗಾಣ ಅವರ ಗೋದಾಮಿನ ಮೂಲೆಯಲ್ಲಿ ಕುಳಿತರೆ ಅರ್ಧ ಖರ್ಚು ಉಳಿಯಿತು. 1959ರ ರಾಜ್ಯ ಸಹಕಾರ ಸಂಘಗಳ ಕಾನೂನಿನ ಜೊತೆಗೆ, ಸರ್ಕಾರದ ಹಿಡಿತ ಕಡಿಮೆ ಇರುವ 1997ರ ಸೌಹಾರ್ದ ಸಹಕಾರಿ ಕಾನೂನೂ ಇದೆ. ಎರಡರಲ್ಲೂ ಒಬ್ಬ ಸದಸ್ಯನಿಗೆ ಒಂದೇ ಮತ.

ಉತ್ಪಾದಕರ ಕಂಪನಿಯೆಂಬುದು 2002ರ ತಿದ್ದುಪಡಿಯಿಂದ ಬಂದ ರೂಪ. ಕನಿಷ್ಠ 10 ಮಂದಿ ಬೆಳೆಗಾರರು ಬೇಕು, 5ರಿಂದ 15 ನಿರ್ದೇಶಕರು, ಪೂರ್ಣಾವಧಿಯ ಒಬ್ಬ ಮುಖ್ಯ ಕಾರ್ಯನಿರ್ವಾಹಕ. ಇಲ್ಲಿಯೂ ಷೇರು ಎಷ್ಟಿದ್ದರೂ ಸಾಮಾನ್ಯವಾಗಿ ಮತ ಒಂದೇ. ಷೇರನ್ನು ಪೇಟೆಯಲ್ಲಿ ಮಾರುವಂತಿಲ್ಲ. ಒಳ್ಳೆಯ ರೂಪವೇ. ಆದರೆ ಇದರಲ್ಲಿ ನಾನು ಕಾಣುವ ಅಪಾಯ ಹೇಳಿಬಿಡಬೇಕು. ಕೇಂದ್ರ ಸರ್ಕಾರ 2020ರಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಆರಂಭಿಸಿದಾಗ ಪ್ರತಿ ಸಂಸ್ಥೆಗೆ ಆಡಳಿತ ವೆಚ್ಚಕ್ಕೆಂದು ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು ನಿಗದಿಯಾಯಿತು. ಮೂರು ವರ್ಷ ಸಂಬಳ ಬಂದೀತು, ನಾಲ್ಕನೆಯ ವರ್ಷ? ಕಾರ್ಯನಿರ್ವಾಹಕನ ಸಂಬಳ ತಿಂಗಳಿಗೆ 25,000 ಎಂದರೂ ವರ್ಷಕ್ಕೆ 3 ಲಕ್ಷ. ಕಿಲೋಗೆ 8 ರೂಪಾಯಿ ಉಳಿಯುವ ಗಾಣದಲ್ಲಿ ಆ ಸಂಬಳ ಒಂದಕ್ಕೇ 37,500 ಕಿಲೋ ಕೊಬ್ಬರಿ ಅರೆಯಬೇಕು. ಅಷ್ಟು ಮಾಲು, ಅಷ್ಟು ಸದಸ್ಯರು ಇದ್ದಾರೆಂದು ಖಚಿತವಿದ್ದರೆ ಕಂಪನಿ ಕಟ್ಟಿ. ನೆರವು ಇದೆ ಎಂಬ ಕಾರಣಕ್ಕೆ ರೂಪವನ್ನು ಆರಿಸಬಾರದು.

ಸಂಘವಾಗಲಿ ಕಂಪನಿಯಾಗಲಿ, ಒಟ್ಟುಗೂಡಿಸುವ ಪದ್ಧತಿ ಮುರಿದುಬೀಳುವುದು ತಕ್ಕಡಿಯ ಬಳಿ. ಒಬ್ಬನ ಕೊಬ್ಬರಿಯಲ್ಲಿ ಶೇ. 6 ತೇವ, ಇನ್ನೊಬ್ಬನದರಲ್ಲಿ ಶೇ. 10. ಇಬ್ಬರೂ 100 ಕಿಲೋ ತಂದಿದ್ದಾರೆ. ಮೊದಲಿನವನದರಲ್ಲಿ ಒಣ ಪದಾರ್ಥ 94 ಕಿಲೋ, ಎರಡನೆಯವನದರಲ್ಲಿ 90. ಎರಡನೆಯವನ ಮಾಲನ್ನು ಶೇ. 6 ತೇವದ ಲೆಕ್ಕಕ್ಕೆ ತಂದರೆ 95.7 ಕಿಲೋ. ತೂಕದ ಮೇಲೆಯೇ ಹಣ ಹಂಚಿದರೆ ಚೆನ್ನಾಗಿ ಒಣಗಿಸಿದವನಿಗೆ ದಂಡ, ಹಸಿ ತಂದವನಿಗೆ ಬಹುಮಾನ. ಮುಂದಿನ ಬಾರಿ ಅವನೂ ಹಸಿಯನ್ನೇ ತರುತ್ತಾನೆ, ಮೂರನೆಯ ಬಾರಿ ಇಬ್ಬರೂ ತರುವುದಿಲ್ಲ. ಆದುದರಿಂದ ತೇವ ಅಳೆಯುವ ಸಣ್ಣ ಯಂತ್ರಕ್ಕೆ ಹಣ ಹಾಕಬೇಕು. ಅದು ಬರುವವರೆಗೆ ಹೋಳನ್ನು ಮುರಿದು ನೋಡುವ ಹಳೆಯ ಕ್ರಮ ಇದ್ದೇ ಇದೆ: ಒಣಗಿದ್ದು ಟಪ್ಪೆಂದು ಒಡೆಯುತ್ತದೆ, ಹಸಿಯದು ಬಾಗುತ್ತದೆ. ಮುಂಗಡವನ್ನು ಅಂದಿನ ಬೆಲೆಯ ಶೇ. 70ಕ್ಕಿಂತ ಹೆಚ್ಚು ಕೊಡದಿರುವುದು ಕ್ಷೇಮ. ಪೂರ್ತಿ ಕೊಟ್ಟರೆ ಅದು ಹೆಸರಿಗೆ ಮಾತ್ರ ಒಟ್ಟುಗೂಡಿಕೆ. ನಿಜದಲ್ಲಿ ಖರೀದಿಯೇ, ನಷ್ಟ ಸಂಘದ್ದೇ.

ಕಾಗದಪತ್ರಗಳು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಣ್ಣೆ ಆಹಾರ ಪದಾರ್ಥವಾದ್ದರಿಂದ 2006ರ ಆಹಾರ ಸುರಕ್ಷತಾ ಕಾನೂನಿನಂತೆ ವಹಿವಾಟಿನ ಗಾತ್ರಕ್ಕೆ ತಕ್ಕ ನೋಂದಣಿ ಅಥವಾ ಪರವಾನಗಿ ಬೇಕು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಿ. ಕೃಷಿ ಜಮೀನಿನಲ್ಲಿ ಗಾಣದ ಮಾಡು ಕಟ್ಟುವ ಮೊದಲು ಭೂ ಪರಿವರ್ತನೆಯ ವಿಚಾರವನ್ನು ತಾಲೂಕು ಕಚೇರಿಯಲ್ಲೂ ಪರವಾನಗಿಯ ವಿಚಾರವನ್ನು ಪಂಚಾಯಿತಿಯಲ್ಲೂ ಕೇಳಿಕೊಳ್ಳಬೇಕು. ನೀರಾವರಿ ಪಂಪಿನ ಸಂಪರ್ಕದಿಂದ ಗಾಣ ತಿರುಗಿಸುವಂತಿಲ್ಲ. ಮೆಸ್ಕಾಂನಿಂದ ಬೇರೆ ಸಂಪರ್ಕ ಪಡೆಯಬೇಕು. ಸರಕು ಮತ್ತು ಸೇವಾ ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. ಮಜೂರಿ ಗಾಣದವನ ವಹಿವಾಟು ಎಂದರೆ ಅವನು ಪಡೆದ ಮಜೂರಿ ಮಾತ್ರ. ಖರೀದಿ ಗಾಣದವನದು ಮಾರಿದ ಎಣ್ಣೆ ಮತ್ತು ಹಿಂಡಿಯ ಪೂರ್ತಿ ಬೆಲೆ. 20,000 ಕಿಲೋ ಕೊಬ್ಬರಿಗೆ ಮೊದಲಿನವನ ವಹಿವಾಟು 4 ಲಕ್ಷ. ಎರಡನೆಯವನದು 45 ಲಕ್ಷ ದಾಟುತ್ತದೆ. ನಮ್ಮ ರಾಜ್ಯದಲ್ಲಿ ಸರಕಿನ ವ್ಯಾಪಾರಕ್ಕೆ ನೋಂದಣಿಯ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ.

ಮೊದಲ ಬೇಸಿಗೆ

ಗಾಣ ಕೊಳ್ಳುವ ಮೊದಲು ಒಂದು ಬೇಸಿಗೆ ಗಾಣವಿಲ್ಲದೆಯೇ ವ್ಯಾಪಾರ ಮಾಡಿ ನೋಡಬಹುದು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಸ್ವಂತ ತೋಟದ ಕೊಬ್ಬರಿಯನ್ನು ಹತ್ತಿರದ ಯಾವುದಾದರೂ ಗಾಣದಲ್ಲಿ ಮಜೂರಿ ಕೊಟ್ಟು ಅರೆಸಿ, ಬಾಟಲಿ ತುಂಬಿ ಮಾರುವುದು. ಈ ಪ್ರಯೋಗಕ್ಕೂ ಆಹಾರ ಸುರಕ್ಷತೆಯ ನೋಂದಣಿ ಮಾತ್ರ ಮೊದಲೇ ಇರಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲವೂ ಬರೆಯಿರಿ: ತಾರೀಕು, ಕೊಬ್ಬರಿಯ ತೂಕ, ಅಂದಿನ ಕೊಬ್ಬರಿ ದರ, ಬಂದ ಎಣ್ಣೆ, ಬಂದ ಹಿಂಡಿ, ಮಜೂರಿ, ಎಣ್ಣೆ ಮಾರಿದ ತಾರೀಕು, ಸಿಕ್ಕ ದರ, ಹಣ ಕೈಗೆ ಬಂದ ತಾರೀಕು. ಕಾಯಿ ಒಡೆದು, ಒಣಗಲು ಹಾಕಿ, ಮೋಡ ಕಂಡಾಗಲೆಲ್ಲ ಓಡಿಬಂದು ಬಾಚಿ ಒಳಗೆ ತುಂಬುವ ಮನೆಯವರ ಕೂಲಿಯನ್ನೂ ಒಂದು ಕಾಲಂನಲ್ಲಿ ಬರೆಯಬೇಕು. ಅದನ್ನು ಬಿಟ್ಟು ತೋರಿಸುವ ಲಾಭ ಲಾಭವಲ್ಲ.

ನಾಲ್ಕು ತಿಂಗಳ ನಂತರ ಆ ಪುಸ್ತಕದಲ್ಲಿ ಎರಡು ತಾರೀಕುಗಳ ನಡುವಿನ ಅಂತರ ನೋಡಿ: ಕೊಬ್ಬರಿ ಅರೆದದ್ದು ಮತ್ತು ಹಣ ಬಂದದ್ದು. ಅಂತರ ಒಂದು ವಾರದೊಳಗಿದ್ದು, ಕೊಂಡವರೇ ಮತ್ತೆ ಬಂದು ಕೊಳ್ಳುತ್ತಿದ್ದರೆ ಸಣ್ಣ ಪ್ರಮಾಣದಲ್ಲಿ ಖರೀದಿಗೆ ಇಳಿಯಬಹುದು. ಒಂದು ತಿಂಗಳು ದಾಟಿದ್ದರೆ ಮಜೂರಿ ಗಾಣದಲ್ಲೇ ನಿಲ್ಲುವುದು ಲೇಸು. ಆ ಪುಸ್ತಕವನ್ನು ಹಿಡಿದುಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಂದರೆ ಯಂತ್ರದ ಗಾತ್ರದ ವಿಚಾರ ಮಾತನಾಡಲು ಅನುಕೂಲ. ಮಳೆಗಾಲದ ಬಿಡುವೇ ಅದಕ್ಕೆ ತಕ್ಕ ಸಮಯ. ಮಾಡು ಕಟ್ಟುವ ಕೆಲಸ ಹೇಗಿದ್ದರೂ ಅಕ್ಟೋಬರ್ ನಂತರವೇ ಆಗಬೇಕು.